ಜೋಳದ ಪಾಳಿ

ಹೋದ ಚಳಿಗಾಲದಲ್ಲಿ ಶಿವಮೊಗ್ಗದ ಗೆಳತಿಯೊಬ್ಬಳು ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ನಡೆಯುವ ವಿಚಾರ ಸಂಕಿರಣಕ್ಕೆ ಬರುವವಳಿದ್ದಳು. ಒಂದು ವಾರ ಮೊದಲೇ ಫೋನಿಗೆ ಸಂದೇಶ ಬಂತು: "ನಿಮ್ಮ ಕಡೆ ತಿನ್ನಲೇಬೇಕಾದ ಅಡುಗೆಗಳದ್ದೊಂದು ಪಟ್ಟಿ ಮಾಡಿಡು ಕಣೇ. ಒಂದನ್ನೂ ಬಿಡಲ್ಲ." ನಾನು ಉತ್ಸಾಹದಿಂದಲೇ ಕೂತೆ. ಒಂದು, ಜೋಳದ ರೊಟ್ಟಿ. ಎರಡು, ಶೇಂಗಾ ಹಿಂಡಿ. ಮೂರು, ಪುಂಡಿ ಪಲ್ಯ. ನಾಲ್ಕು, ಎಣ್ಣೆಗಾಯಿ. ಐದು, ಎಳ್ಳ ಅಮವಾಸಿಯ ಭಜ್ಜಿ. ಆರು, ಕಲಬುರಗಿಯ ತಹರಿ. ಇಷ್ಟು ಬರೆದು ಮತ್ತೆ ಮೇಲಿಂದ ಓದುವಾಗ ಮೊದಲ ಸಾಲಿನಲ್ಲೇ ನಿಂತುಬಿಟ್ಟೆ. ಒಂದನೆಯ ನಂಬರಿನ ಅಡುಗೆ ಅಂದು ನಮ್ಮ ಮನೆಯಲ್ಲಿ ಇರಲಿಲ್ಲ. ಅದರ ಹಿಂದಿನ ದಿನವೂ ಇರಲಿಲ್ಲ. ಖಾನಾವಳಿಯೊಂದಕ್ಕೆ ದಿನಾ ನೂರಕ್ಕೂ ಹೆಚ್ಚು ರೊಟ್ಟಿ ಬಡಿಯುವ ನಮ್ಮವ್ವ ಮನೆಗೆ ಬಂದು ಇಡುವುದು ಅನ್ನದ ಎಸರು.

ಅದು ಹೇಗಾಯಿತು ಎಂದು ಯೋಚಿಸುತ್ತ ಹೋದದ್ದೇ ಈ ಬರಹ. ನಾನು ಇತಿಹಾಸದ ವಿದ್ಯಾರ್ಥಿನಿ. ಒಂದು ತಟ್ಟೆಯ ಚರಿತ್ರೆಯನ್ನು ಹಿಂದಕ್ಕೆ ಹಿಂದಕ್ಕೆ ಓದುವ ಚಟ ನನಗೆ ಇದ್ದೇ ಇದೆ.

ಕಡಗಂಚಿ ಇರುವುದು ಕಲಬುರಗಿಯಿಂದ ಆಳಂದಕ್ಕೆ ಹೋಗುವ ದಾರಿಯಲ್ಲಿ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಿಂದಾಗಿ ಈ ಹೆಸರು ಈಗ ದೇಶದ ಮೂಲೆಮೂಲೆಯ ವಿದ್ಯಾರ್ಥಿಗಳಿಗೆ ಗೊತ್ತು. ಸುತ್ತಲೂ ಎರಿ ಹೊಲ. ಮಳೆಗಾಲದಲ್ಲಿ ಕುಡಿದ ನೀರನ್ನು ತಿಂಗಳುಗಟ್ಟಲೆ ಹಿಡಿದಿಡುವ ಕಪ್ಪು ಮಣ್ಣು. ಹಿಂಗಾರಿಗೆ ಬಿತ್ತಿದ ಬಿಳಿಜೋಳ ಮತ್ತೆ ಮಳೆ ಬೀಳದಿದ್ದರೂ ಆ ತೇವ ಮತ್ತು ಚಳಿಗಾಲದ ಇಬ್ಬನಿಯ ಬಲದಲ್ಲೇ ತೆನೆ ಕಟ್ಟುತ್ತದೆ. ದಕ್ಷಿಣದ ಓದುಗರಿಗೆ ಇಲ್ಲೇ ಒಂದು ಮಾತು ಹೇಳಿಬಿಡಬೇಕು. ನಮ್ಮ ಕಡೆ ಬರೀ 'ಜೋಳ' ಎಂದರೆ ಈ ಬಿಳಿಜೋಳವೇ, ಮೆಕ್ಕೆಜೋಳ ಅಲ್ಲ. ಮೆಕ್ಕೆಜೋಳ ಅಮೆರಿಕದಿಂದ ಬಂದು ಈ ಹೆಸರಿನ ಬಾಲ ಹಿಡಿದುಕೊಂಡ ಧಾನ್ಯ.

ಹಾಗೆಂದು ಬಿಳಿಜೋಳವಾದರೂ ಇಲ್ಲಿಯದೇ ಏನು? ಅದರ ತವರು ಆಫ್ರಿಕಾ. ಪೂರ್ವ ಸೂಡಾನಿನಲ್ಲಿ ಸುಮಾರು 5,000 ವರ್ಷಗಳ ಹಿಂದೆಯೇ ಜನ ಅದನ್ನು ಪಳಗಿಸುತ್ತಿದ್ದ ಕುರುಹುಗಳು ಮಡಕೆ ಚೂರುಗಳಲ್ಲಿ ಸಿಕ್ಕಿವೆ. ಅಲ್ಲಿಂದ ಕಡಲು ದಾಟಿ ನಮ್ಮ ಉಪಖಂಡಕ್ಕೆ ಬಂದದ್ದು ಆಮೇಲೆ. ರಾಯಚೂರು, ಬಳ್ಳಾರಿ, ಸುರಪುರದ ಕಡೆ ಬೂದಿಗುಡ್ಡಗಳನ್ನು ಬಿಟ್ಟುಹೋದ ನವಶಿಲಾಯುಗದ ದನಗಾಹಿಗಳ ಕಾಲದಲ್ಲಿ ದಖ್ಖನಿನ ಜನ ಉಣ್ಣುತ್ತಿದ್ದದ್ದು ಕೊರಲೆಯಂಥ ಕಿರುಧಾನ್ಯ, ಹುರುಳಿ, ಹೆಸರು. ರೊಟ್ಟಿಯೇ ನಮ್ಮ ಮೂಲ ಊಟ ಎಂದು ಎದೆ ತಟ್ಟಿಕೊಳ್ಳುವ ನನ್ನಂಥವರು ಹುರುಳಿಯ ಮುಂದೆ ಸ್ವಲ್ಪ ತಗ್ಗಿ ಕೂರಬೇಕಾಗುತ್ತದೆ.

ಪಟ್ಟಿಯ ಉಳಿದ ಸಾಲುಗಳ ಕಥೆಯೂ ಇಂಥದ್ದೇ. ಹಿಂಡಿ ಎಂದರೆ ನಮ್ಮಲ್ಲಿ ಒಣ ಚಟ್ನಿ ಪುಡಿ. ಶೇಂಗಾ ಹಿಂಡಿಯ ಶೇಂಗಾ ದಕ್ಷಿಣ ಅಮೆರಿಕದ್ದು. ಹೆಸರು ಬಂದದ್ದು ಮಾತ್ರ ಪಕ್ಕದ ಮರಾಠಿಯಿಂದ. ದಖ್ಖನಿನ ಒಣ ಹೊಲಗಳಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ಹರಡಿದ್ದು 19ನೆಯ ಶತಮಾನದಿಂದೀಚೆಗೆ. ಆ ಹಿಂಡಿಗೆ ಬೀಳುವ ಕೆಂಪು ಖಾರವೂ ಅಮೆರಿಕದ್ದೇ. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಇಳಿಯಿತು. ನಮ್ಮ ಭಾಷೆ ಈ ಸಂಗತಿಯನ್ನು ಮರೆತಿಲ್ಲ. ಖಾರಕ್ಕೆ ಮೊದಲು ಇದ್ದದ್ದು ಮೆಣಸು. ಹೊಸದಾಗಿ ಬಂದದ್ದನ್ನು ಕರೆಯಲು ಬೇರೆ ಹೆಸರು ಹುಡುಕದೆ 'ಮೆಣಸಿನಕಾಯಿ' ಅಂದೆವು. ಪುಂಡಿ ಆಫ್ರಿಕಾದ ಗಿಡ. ಗುರೆಳ್ಳು ಹಿಂಡಿಯ ಗುರೆಳ್ಳು ಇಥಿಯೋಪಿಯಾದ್ದು. ಹೀಗೆ ಒಬ್ಬೊಬ್ಬರನ್ನೇ ಊರಿಗೆ ಕಳಿಸುತ್ತ ಹೋದರೆ ತಟ್ಟೆಯಲ್ಲಿ ಕೊನೆಗೆ ಉಳಿಯುವುದು ಎಣ್ಣೆಗಾಯಿಯ ಬದನೆಕಾಯಿ ಮತ್ತು ತೊಗರಿಬ್ಯಾಳಿ. ಇವೆರಡೂ ಭಾರತದವೇ. 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕಲಬುರಗಿಯ ತೊಗರಿಯೂ ಪೂರ್ವದ ಒಡಿಶಾ, ಬಸ್ತರ್ ಸೀಮೆಯ ಕಾಡುಗಿಡದ ಸಂತತಿ.

ಬಸವಣ್ಣನ ಕಾಲದ ಕಲ್ಯಾಣ ಆಳಂದದ ನೆರೆಯ ಸೀಮೆ. ಅಲ್ಲಿ ಶರಣರ ಮನೆಗಳಲ್ಲಿ ದಾಸೋಹ ನಡೆಯುವಾಗ ಎಲೆಯ ಮೇಲೆ ಶೇಂಗಾ ಇರಲಿಲ್ಲ, ಹಸಿಮೆಣಸಿನಕಾಯಿ ಇರಲಿಲ್ಲ, ಟೊಮೆಟೊ ಆಲೂಗಡ್ಡೆ ಇರಲಿಲ್ಲ. ಅದಕ್ಕೂ ಕೆಲವು ದಶಕ ಮೊದಲು ಅದೇ ಕಲ್ಯಾಣದಲ್ಲಿ ಚಾಲುಕ್ಯರ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ' ಬರೆದ. ಅದರ ಅನ್ನಭೋಗದ ಭಾಗದಲ್ಲಿ ಉದ್ದಿನ ಇಡ್ಡರಿಕೆ ಇದೆ, ಮಂಡಕ ಇದೆ, ವಡೆ ಇದೆ, ಬಗೆಬಗೆಯ ಮಾಂಸದಡುಗೆ ಇದೆ. ಇಡ್ಲಿಯ ಚರಿತ್ರೆ ಹೇಳುವವರೆಲ್ಲ ಅದನ್ನು ನೆನೆಯುತ್ತಾರೆ. ಓದಲು ಬಹಳ ಸೊಗಸು. ಆದರೆ ಅದು ಅರಸನ ತಟ್ಟೆ. ಅರಸನ ತಟ್ಟೆ ತುಂಬಿಸಿದವರು ತಾವು ಏನು ಉಂಡರು ಎಂಬುದು ಅದರ ವಿಷಯವಲ್ಲ. ಅವರ ಊಟದ ಸುಳಿವು ಬೇಕೆಂದರೆ ಅಡುಗೆಯ ಪುಸ್ತಕ ಬಿಟ್ಟು ಬೇರೆ ಕಡೆ ಹುಡುಕಬೇಕು.

ನನಗೆ ಅದು ಸಿಕ್ಕಿದ್ದು ಎಂ.ಎ. ತರಗತಿಯಲ್ಲಿ, ಒಂದೇ ಒಂದು ಪದದಲ್ಲಿ. ಆ ದಿನ ನಮ್ಮ ಮೇಷ್ಟ್ರು ಹಳಗನ್ನಡದ ಕಾವ್ಯ, ಶಾಸನಗಳಲ್ಲಿ ಬರುವ 'ಜೋಳವಾಳಿ' ಅಥವಾ 'ಜೋಳದ ಪಾಳಿ'ಯ ಬಗ್ಗೆ ಪಾಠ ಮಾಡುತ್ತಿದ್ದರು. ಪಾಳಿ ಎಂದರೆ ಇಲ್ಲಿ ಧರ್ಮ, ಕಟ್ಟುಪಾಡು. ಒಡೆಯನ ಜೋಳ ಉಂಡವನು ಹೊತ್ತು ಬಂದಾಗ ಅವನಿಗಾಗಿ ಪ್ರಾಣ ಕೊಟ್ಟು ಋಣ ತೀರಿಸಬೇಕು ಎಂಬ ನಿಯಮ. ಇವತ್ತು ನಾವು ಉಪ್ಪಿನ ಋಣ, ಅನ್ನದ ಋಣ ಅನ್ನುವುದನ್ನು ಆ ಕಾಲದ ಕನ್ನಡಿಗರು ಜೋಳದ ಹೆಸರಿನಲ್ಲಿ ಹೇಳಿದರು. ಆಗ ಈ ಸೀಮೆಯ ರಾಜಧಾನಿ ಮಾನ್ಯಖೇಟ, ಅಂದರೆ ನಮ್ಮದೇ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ. 'ಕವಿರಾಜಮಾರ್ಗ' ಹುಟ್ಟಿದ್ದು ಆ ಆಸ್ಥಾನದಲ್ಲಿ. 941ರಲ್ಲಿ 'ವಿಕ್ರಮಾರ್ಜುನ ವಿಜಯ' ಮುಗಿಸಿದ ಪಂಪನ ಒಡೆಯ ಅರಿಕೇಸರಿ ಅದೇ ರಾಷ್ಟ್ರಕೂಟರ ಸಾಮಂತ. ಪಂಪನ ಕರ್ಣನನ್ನು ಓದಿದವರಿಗೆ ಉಂಡ ಮನೆಯ ಋಣ ಎಂಬ ಮಾತಿನ ತೂಕ ಗೊತ್ತು. ಊರೂರಿನ ವೀರಗಲ್ಲುಗಳ ಮುಂದೆ ನಿಂತಾಗ ನನಗೆ ಈಗಲೂ ಆ ಪದ ನೆನಪಾಗುತ್ತದೆ. ಕಲ್ಲಿನ ಮೇಲೆ ಕತ್ತಿ ಹಿಡಿದು ನಿಂತಿರುವ ಆ ಮನುಷ್ಯ ಹೊಟ್ಟೆಗೆ ಉಂಡದ್ದು ಬಹುಶಃ ನಮ್ಮವ್ವ ಬಡಿಯುವುದನ್ನೇ.

ಆ ಸಂಜೆ ಮನೆಗೆ ಹೋಗಿ ಅವ್ವನಿಗೆ ಇದೆಲ್ಲ ವಿವರಿಸಿದೆ. ಅವಳು ಅಕ್ಕಿ ಆರಿಸುತ್ತ ಕೇಳಿದಳು. ಆಮೇಲೆ ಕೇಳಿದಳು: "ಹಂಗಂದ್ರ ಜ್ವಾಳ ಉಂಡೋರು ದಣಿ ಸಲೇಕ ಸಾಯಬೇಕಿತ್ತಾ?"

"ಹೂಂ. ಯುದ್ಧದಾಗ."

"ಮತ್ತ ಜ್ವಾಳ ಬೆಳದೋರಿಗಿ? ರೊಟ್ಟಿ ಬಡದೋರಿಗಿ? ಅವರಿಗಿ ಯಾರ್ ಏನ್ ಕೊಡಬೇಕಿತ್ತು, ಅದು ಬರದಿಲ್ಲೇನು?"

ನನ್ನ ಬಳಿ ಉತ್ತರ ಇರಲಿಲ್ಲ. ನೋಟ್ಸ್ ಮತ್ತೆ ತಿರುವಿ ಹಾಕಿದೆ. ಜೋಳವಾಳಿಯಲ್ಲಿ ಜೋಳ ಒಡೆಯನದು. ಅವನ ಕಣಜಕ್ಕೆ ಬರುವ ಮೊದಲು ಅದು ಯಾರ ಕಣದಲ್ಲಿತ್ತು, ಕಣಜದಿಂದ ಹೊರಟ ಮೇಲೆ ಯಾರ ಕೈಯಲ್ಲಿ ಹಿಟ್ಟಾಗಿ ರೊಟ್ಟಿಯಾಯಿತು ಎಂಬುದಕ್ಕೆ ಆ ಪದದಲ್ಲಿ ಜಾಗ ಇಲ್ಲ.

ಆ ಜಾಗವನ್ನು ಆಮೇಲಿನ ಕಾಲದ ಜನ ತಮ್ಮ ಕಥೆಗಳಲ್ಲಿ ಮಾಡಿಕೊಂಡರೇನೋ. ಕಡಗಂಚಿಗೇ ಅಂಥದ್ದೊಂದು ನಂಟಿದೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರದ ನರಸಿಂಹ ಸರಸ್ವತಿಯವರ ಶಿಷ್ಯ ಸಾಯಂದೇವ ಕಡಗಂಚಿಯವನು. ಅವನ ವಂಶದ ಸರಸ್ವತಿ ಗಂಗಾಧರ ಮರಾಠಿಯಲ್ಲಿ 'ಗುರುಚರಿತ್ರೆ' ಬರೆದ. ಅದರಲ್ಲಿ ಒಬ್ಬ ಬಡ ರೈತನ ಕಥೆ ಬರುತ್ತದೆ. ಮನೆಯವರು ಬೇಡವೆಂದು ತಡೆದರೂ ಗುರುವಿನ ಮಾತು ನಂಬಿ ಅವನು ಇನ್ನೂ ಬಲಿಯದ ಪೈರನ್ನೆಲ್ಲ ಕೊಯ್ದು ಹಾಕುತ್ತಾನೆ. ಆಮೇಲೆ ಹವಾಮಾನ ಕೆಟ್ಟು ಊರಿನವರ ಬೆಳೆ ಹಾಳಾಗುತ್ತದೆ, ಅವನ ಹೊಲದ ಕೂಳೆ ಮಾತ್ರ ಚಿಗುರಿ ತೆನೆ ತುಂಬುತ್ತದೆ. ಪವಾಡ ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಕೊಯ್ದ ಜೋಳ ಬುಡದಿಂದ ಮತ್ತೆ ಚಿಗುರುತ್ತದೆ ಎಂಬುದನ್ನು ಕಣ್ಣಾರೆ ಕಂಡ ಸೀಮೆಯ ಜನರಿಗೆ ಆ ಕಥೆ ಬೇಗ ಮನಸ್ಸಿಗೆ ಹತ್ತಿರವಾಗಿರಬೇಕು. ಗಾಣಗಾಪುರದಲ್ಲಿ ಇವತ್ತಿಗೂ ಮಧ್ಯಾಹ್ನ ಭಕ್ತರು, ಎಷ್ಟೇ ಶ್ರೀಮಂತರಿರಲಿ, ಜೋಳಿಗೆ ಹಿಡಿದು ಮನೆಮನೆಗೆ ಮಧುಕರಿ ಭಿಕ್ಷೆಗೆ ಹೋಗುತ್ತಾರೆ. ಬೇಡುವವರಲ್ಲಿ ದತ್ತನೇ ಇರಬಹುದೆಂದು ಊರಿನವರು ರೊಟ್ಟಿ ಚೂರು ಹಾಕುತ್ತಾರೆ.

ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರ ಬಗ್ಗೆ ನಮ್ಮಜ್ಜಿ ಹೇಳುತ್ತಿದ್ದ ಕಥೆಯೂ ಜೋಳದ್ದೇ. ಅವರು ಹೊಲ ಕಾಯಲು ಕೂತರೆ ಹಕ್ಕಿಗಳನ್ನು ಓಡಿಸುತ್ತಿರಲಿಲ್ಲವಂತೆ, ತಿಂದು ನೀರು ಕುಡಿದು ಹೋಗಲಿ ಅನ್ನುತ್ತಿದ್ದರಂತೆ. ಆಮೇಲೆ ಕಲಬುರಗಿಗೆ ಬಂದು ದಾಸೋಹ ನಡೆಸಿದರು. 1822ರಲ್ಲಿ ಅವರು ತೀರಿಕೊಂಡ ಮೇಲೂ ಆ ಒಲೆ ಆರಿಲ್ಲ. ಅದೇ ಕಲಬುರಗಿ 1347ರಲ್ಲಿ ಬಹಮನಿ ಸುಲ್ತಾನರ ರಾಜಧಾನಿಯಾದ ಊರು. ಬಂದೇನವಾಜರ ದರ್ಗಾ ಅಲ್ಲಿ, ಲಾಡ್ಲೆ ಮಶಾಕರ ದರ್ಗಾ ನಮ್ಮ ಆಳಂದದಲ್ಲಿ. ಪಟ್ಟಿಯ ಆರನೆಯ ಸಾಲಿನ ತಹರಿ, ಅಂದರೆ ಮಾಂಸ, ಮಸಾಲೆ ಹಾಕಿ ಬೇಯಿಸಿದ ಅನ್ನ, ಈ ಮುಸ್ಲಿಂ ಮನೆಗಳ ಅಡುಗೆ ಪರಂಪರೆಯಿಂದ ಊರಿಗೆಲ್ಲ ಹರಡಿದ್ದು. ಉರುಸಿಗೆ ಹೋದ ನಮ್ಮಜ್ಜಿ ತಹರಿ ಮುಟ್ಟದಿದ್ದರೂ ಸಕ್ಕರೆ ಪ್ರಸಾದ ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದಳು.

ಅಜ್ಜಿಯ ತಟ್ಟೆಯಲ್ಲಿ ಅನ್ನ ಹಬ್ಬದ ದಿನ ಮಾತ್ರ. ಉಳಿದಂತೆ ಬೆಳಿಗ್ಗೆ ರೊಟ್ಟಿ, ರಾತ್ರಿ ಜೋಳದ ನುಚ್ಚು ಇಲ್ಲವೇ ಅಂಬಲಿ. ಮನೆಯಲ್ಲಿ ಒಂದು ಹಗೇವು ಇತ್ತು. ನೆಲದೊಳಗೆ ಬಾಯಿ ಸಣ್ಣದು, ಹೊಟ್ಟೆ ದೊಡ್ಡದು ಮಾಡಿ ತೋಡಿದ ಗುಂಡಿ. ಒಳಗೆ ಸೊಪ್ಪೆ ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ತೆಗೆದ ಕೂಡಲೆ ಒಳಗೆ ಇಳಿಯುವಂತಿಲ್ಲ. ಕೆಟ್ಟ ಗಾಳಿಗೆ ಉಸಿರುಗಟ್ಟಿ ಸತ್ತವರಿದ್ದಾರೆ. ಕಂದೀಲು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು.

ಹಗೇವಿನ ಅರ್ಥ ತಿಳಿಯಬೇಕಾದರೆ ಬರಗಾಲದ ಲೆಕ್ಕ ಗೊತ್ತಿರಬೇಕು. 1791–92ರ ಡೋಗಿ ಬರದಲ್ಲಿ ಸತ್ತವರ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದವು ಎಂಬುದು ಆ ಬರದ ಹೆಸರಿನಲ್ಲೇ ಇದೆ. 1876–78ರ ಧಾತು–ಈಶ್ವರ ಸಂವತ್ಸರಗಳ ಬರ ಮದ್ರಾಸು, ಮೈಸೂರು, ಮುಂಬಯಿ ಪ್ರಾಂತಗಳ ಜೊತೆ ನಿಜಾಮರ ಹೈದರಾಬಾದ್ ಸಂಸ್ಥಾನವನ್ನೂ ಹಿಂಡಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಂಸ್ಥಾನದ ಅಧಿಕಾರಿಗಳು ರೈತರಿಂದ ಕಡ್ಡಾಯವಾಗಿ ಲೆವಿ ಧಾನ್ಯ ಎತ್ತುತ್ತಿದ್ದರು. ಹಗೇವಿನ ಮೇಲೆ ತಿಪ್ಪೆ ಹಾಕಿ ಮರೆಮಾಡಿದ್ದನ್ನು ಅಜ್ಜಿ ನಗುತ್ತ ಹೇಳುತ್ತಿದ್ದಳು. 1948ರ ಸೆಪ್ಟೆಂಬರ್ 17ಕ್ಕೆ ಸಂಸ್ಥಾನ ಭಾರತಕ್ಕೆ ಸೇರಿತು. 1972ರ ಬರದ ಬಗ್ಗೆ ಮಾತ್ರ ಅವಳು ನಗುತ್ತಿರಲಿಲ್ಲ. ಆ ವರ್ಷ ನಮ್ಮ ಹಗೇವು ತಳ ಕಂಡಿತು. ಕೆರೆ ಕೆಲಸಕ್ಕೆ ಹೋಗಿ ಕೂಲಿಗೆ ಸಿಕ್ಕ ಕೆಂಪು ಜೋಳದ ರೊಟ್ಟಿ ತಿಂದರು. "ಅದು ಬಡದ್ರ ಹರೀತಿತ್ತು, ತಿಂದ್ರ ಗಂಟಲಾಗ ನಿಲ್ತಿತ್ತು" ಅನ್ನುತ್ತಿದ್ದಳು. ಈಗ ಆ ಹಗೇವು ಇದ್ದ ಜಾಗದ ಮೇಲೆ ನಮ್ಮ ದೊಡ್ಡಪ್ಪನ ಮಗನ ಸಿಮೆಂಟಿನ ಕೋಣೆ ಇದೆ.

ಬರದ ಭಯ ಹೋದದ್ದು ಪಡಿತರದ ಅಕ್ಕಿಯಿಂದ. ಇದನ್ನು ಹಗುರವಾಗಿ ಆಡುವ ಹಕ್ಕು ನನಗಿಲ್ಲ. 2013ರಲ್ಲಿ ಅನ್ನಭಾಗ್ಯ ಬಂದಾಗ ನಮ್ಮ ಮನೆಯಲ್ಲಿ ಅಪ್ಪ ಇರಲಿಲ್ಲ, ಅವ್ವನ ಕೂಲಿ ಇತ್ತು, ಕಲಿಯುವ ಮಕ್ಕಳಿದ್ದೆವು. ಅಕ್ಕಿ ನಮ್ಮನ್ನು ಓದಿಸಿತು. ಅದೇ ಹೊತ್ತಿಗೆ ಹೊಲಗಳಲ್ಲಿ ಇನ್ನೊಂದು ಬದಲಾವಣೆ ನಡೆಯುತ್ತಲೇ ಇತ್ತು. 1960ರ ದಶಕದಲ್ಲಿ ಭಾರತದಲ್ಲಿ ಸುಮಾರು 1.8 ಕೋಟಿ ಹೆಕ್ಟೇರಿನಲ್ಲಿ ಬೆಳೆಯುತ್ತಿದ್ದ ಜೋಳ ಈಗ 50 ಲಕ್ಷ ಹೆಕ್ಟೇರಿಗೂ ಕೆಳಗಿಳಿದಿದೆ. ನಮ್ಮ ಸುತ್ತ ಅದರ ಜಾಗಕ್ಕೆ ಬಂದದ್ದು ತೊಗರಿ, ಅಲ್ಲಲ್ಲಿ ಕಬ್ಬು. ತೊಗರಿಗೆ ರೊಕ್ಕ ಬರುತ್ತದೆ. ಜೋಳಕ್ಕೆ ಹಕ್ಕಿ ಕಾಯಬೇಕು, ಕೀಳಬೇಕು, ತೆನೆ ಮುರಿಯಬೇಕು, ಆಳು ಸಿಗುವುದಿಲ್ಲ. ಜೋಳ ಕಡಿಮೆಯಾಯಿತು, ಬೆಲೆ ಏರಿತು. ಅಷ್ಟರಲ್ಲಿ 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಬಂತು. ಸಕ್ಕರೆ ಕಾಯಿಲೆಗೆ ರೊಟ್ಟಿ ಒಳ್ಳೆಯದು ಎಂದು ಪೇಟೆಯವರೆಲ್ಲ ಖಾನಾವಳಿ ಹುಡುಕಿಕೊಂಡು ಬಂದರು.

ಆಳಂದದಲ್ಲಿ ಪಿಯುಸಿ ಓದುವಾಗ ನನ್ನ ಡಬ್ಬಿಯ ರೊಟ್ಟಿಯನ್ನು ಗೆಳತಿಯರ ಚಪಾತಿ, ಚಿತ್ರಾನ್ನದ ಮುಂದೆ ತೆಗೆಯಲು ನಾಚಿಕೊಂಡು ಒಂಟಿಯಾಗಿ ತಿಂದವಳು ನಾನು. "ನಾಳಿಂದ ಅನ್ನ ಕಟ್ಟು" ಎಂದು ಅವ್ವನ ಮೇಲೆ ಹರಿಹಾಯ್ದವಳೂ ನಾನೇ. ಅವ್ವ ಅನ್ನ ಕಟ್ಟತೊಡಗಿದಳು. ಈಗ ವಿಶ್ವವಿದ್ಯಾಲಯದ ಗೆಳೆಯರು ಖಾನಾವಳಿಯಲ್ಲಿ "ಬಿಸಿ ರೊಟ್ಟಿ ಇನ್ನೊಂದು" ಎಂದು ಕೂಗುವಾಗ ನನಗೆ ಆ ಡಬ್ಬಿ ಕಣ್ಣ ಮುಂದೆ ಬರುತ್ತದೆ. "ನೀನ್ಯಾಕ ಮನ್ಯಾಗ ರೊಟ್ಟಿ ಮಾಡಲ್ಲ?" ಎಂದು ಒಮ್ಮೆ ಕೇಳಿದ್ದೆ. "ಅಕ್ಕಿ ಪುಕ್ಕಟ ಬರ್ತದ, ಜ್ವಾಳಕ್ಕ ರೊಕ್ಕ ಕೊಡಬೇಕು. ಮ್ಯಾಲ ದಿನಾಪೂರ್ತಿ ಬಡದ ಕೈ ಇದು, ಮತ್ತ ಬಡಿ ಅಂದ್ರ ಒಲ್ಲೆ ಅಂತದ ಯವ್ವಾ" ಅಂದಳು.

ಆ ಕೈಯ ಕೆಲಸವೇನೆಂದು ರೊಟ್ಟಿ ಬಡಿಯಲು ಹೋಗಿ ಸೋತವರಿಗೆ ಗೊತ್ತು. ಗೋಧಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲ. ಕುದಿಯುವ ಎಸರು ಹಾಕಿದಾಗ ಹಿಟ್ಟಿನ ಪಿಷ್ಟ ಬೆಂದು ಅದೇ ಅಂಟಾಗುತ್ತದೆ. ಆ ಬಿಸಿಯಲ್ಲೇ ನಾದಬೇಕು. ಬೀಸಿ ಬಹಳ ದಿನವಾದ ಹಿಟ್ಟಿಗೆ ಜಿಗಿ ಇರುವುದಿಲ್ಲ, ಅಂಚು ಹರಿಯುತ್ತದೆ. ಅಂಗೈಯ ಪೆಟ್ಟು ನಡುವೆ ಬಿದ್ದರೆ ತೂತು, ಅಂಚಿಗೆ ಬಿದ್ದರೆ ಸೀಳು. ಸರಿಯಾದ ಪೆಟ್ಟಿಗೆ ರೊಟ್ಟಿ ತಾನೇ ತಿರುಗುತ್ತ ಅಗಲವಾಗುತ್ತದೆ. ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಮಗುಚಿ, ಬೆಂಕಿಗೆ ಹಿಡಿದರೆ ಉಬ್ಬುತ್ತದೆ. ಅವ್ವನ ಬಲಗೈ ಹೆಬ್ಬೆರಳಿನ ಬುಡ ಈಗ ಸದಾ ಬಾತಿರುತ್ತದೆ. ನನಗೆ ಇಪ್ಪತ್ತಾರು ವರ್ಷ, ಇನ್ನೂ ನೆಟ್ಟಗೆ ನಾಲ್ಕು ರೊಟ್ಟಿ ಬಡಿಯಲು ಬರುವುದಿಲ್ಲ. ನಾಲ್ಕು ಸಾವಿರ ವರ್ಷದ ಧಾನ್ಯದ ಚರಿತ್ರೆ ಹೇಳಬಲ್ಲೆ.

ಈಚಿನ ವರ್ಷಗಳಲ್ಲಿ ಜಿಲ್ಲಾಡಳಿತ 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರು ಮಾಡಿದ ರೊಟ್ಟಿಯನ್ನು ದೂರದ ಊರುಗಳಿಗೂ ಮಾರುಕಟ್ಟೆ ಮಾಡಿಕೊಡುತ್ತಿದೆ. ಹಿಟ್ಟು ನಾದುವ, ಲಟ್ಟಿಸುವ ಯಂತ್ರಗಳೂ ಬಂದಿವೆ. ಯಂತ್ರದ ರೊಟ್ಟಿಗೆ ರುಚಿ ಇಲ್ಲ ಎಂದು ಮೂಗು ಮುರಿಯುವವರನ್ನು ಕಂಡರೆ ಅವ್ವನಿಗೆ ಸಿಟ್ಟು. "ರುಚಿ ಬೇಕಂದ್ರ ತಾವೇ ಬಡ್ಕೋಬೇಕು" ಅನ್ನುತ್ತಾಳೆ. ಬಡಿಯುವವರ ಕೈಗೆ ತಕ್ಕ ಬೆಲೆ ಸಿಗಲಿ, ಇಲ್ಲವೇ ಆ ಕೈಗೆ ಬಿಡುವು ಸಿಗಲಿ. ಎರಡರಲ್ಲಿ ಒಂದನ್ನೂ ಕೊಡದೆ ಸಂಪ್ರದಾಯ ಉಳಿಯಲಿ ಅನ್ನುವುದು ನನಗೂ ಸರಿ ಕಾಣುವುದಿಲ್ಲ.

ಗೆಳತಿ ಬಂದದ್ದು ಎಳ್ಳ ಅಮವಾಸಿಯ ಹೊತ್ತಿಗೆ. ಅಂದು ಖಾನಾವಳಿಗೆ ರಜೆ. ದೊಡ್ಡಪ್ಪನ ಹೊಲದಲ್ಲಿ ಎರಡು ಎಕರೆ ಜೋಳ ಎದೆಮಟ್ಟ ನಿಂತಿತ್ತು, ಸುತ್ತ ತೊಗರಿ. ಅವ್ವ, ದೊಡ್ಡವ್ವ ಸೇರಿ ಹಿಂದಿನ ದಿನದಿಂದಲೇ ಅಡುಗೆ ಮಾಡಿದ್ದರು. ಸಜ್ಜೆ ರೊಟ್ಟಿ, ಜೋಳದ ಕಡಬು, ಶೇಂಗಾ ಹೋಳಿಗೆ, ಮಜ್ಜಿಗೆ ಅಂಬಲಿ. ಭಜ್ಜಿಗೆ ಹೊಲದಲ್ಲಿ ಸಿಕ್ಕ ಸೊಪ್ಪು, ಹಸಿ ತೊಗರಿಕಾಳು, ಹಸಿ ಕಡಲೆ, ಅವರೆ, ಬದನೆ, ಗಜ್ಜರಿ ಎಲ್ಲ ಬಿದ್ದಿತ್ತು. ಹುಣಸೆಹುಳಿ, ಕಡಲೆಹಿಟ್ಟು ಹಾಕಿ ಕುದಿಸಿದ ಅದು ಪಲ್ಯವೂ ಹೌದು, ಸಾರೂ ಹೌದು. ಮೊದಲು ಚರಗ ಚೆಲ್ಲಿದರು. ಎಲ್ಲ ಅಡುಗೆಯನ್ನೂ ಕಲಸಿ, ದೊಡ್ಡಪ್ಪ ಕೂಗು ಹಾಕುತ್ತ ಹೊಲದ ನಾಲ್ಕೂ ದಿಕ್ಕಿಗೆ ಎರಚುತ್ತ ಹೋದ. ಹಿಂದೆ ಒಬ್ಬ ಹುಡುಗ ನೀರು ಚಿಮುಕಿಸುತ್ತ ನಡೆದ. ನೆಲ ಉಣ್ಣಲಿ, ಹಕ್ಕಿ ಉಣ್ಣಲಿ, ಹುಳು ಉಣ್ಣಲಿ, ಆಮೇಲೆ ನಾವು. ಬೆಳೆದದ್ದಕ್ಕೆ ಮರಳಿ ಕೊಡುವ ಈ ಕಟ್ಟುಪಾಡಿಗೆ ಶಾಸನದಲ್ಲಿ ಏನೆಂದು ಹೆಸರಿದೆಯೋ ನಾನು ಹುಡುಕಲು ಹೋಗಲಿಲ್ಲ. ಅವ್ವನ ಪ್ರಶ್ನೆಗೆ ಅರ್ಧ ಉತ್ತರವಾದರೂ ಅಲ್ಲಿತ್ತು. ಉಳಿದರ್ಧ ನಮ್ಮದು.

ಜೋಳದ ನೆರಳಲ್ಲಿ ಕಂಬಳಿ ಹಾಸಿ ಕೂತೆವು. ಗೆಳತಿ ಮೂರು ರೊಟ್ಟಿ ತಿಂದಳು, ಭಜ್ಜಿಯನ್ನು ಮತ್ತೆ ಮತ್ತೆ ಹಾಕಿಸಿಕೊಂಡಳು. "ಪಟ್ಟಿ ಎಲ್ಲಿ?" ಎಂದು ಕೇಳಿದಾಗ ಫೋನು ಕೊಟ್ಟೆ. ಒಂದನೆಯ ಸಾಲನ್ನು ನಾನು ತಿದ್ದಿದ್ದೆ. ಜೋಳದ ರೊಟ್ಟಿ, ಬಡಿದವರ ಜೊತೆ ಕೂತು ತಿನ್ನುವುದು. ಅವಳು ಅವ್ವನ ಕಡೆ ತಿರುಗಿ, "ಅಮ್ಮಾ, ನೀವಿನ್ನೂ ಕೂತೇ ಇಲ್ವಲ್ಲ" ಅಂದಳು.

"ಕೂಡ್ತಿನಿ ತಾಯಿ, ನೀ ಉಣ್ಣು" ಎಂದು ಅವ್ವ ಅಭ್ಯಾಸಬಲದಿಂದ ಹೇಳಿದಳು. ಆಮೇಲೆ ಏನನ್ನಿಸಿತೋ, ಸೆರಗು ಸರಿಮಾಡಿಕೊಂಡು ನನ್ನ ಪಕ್ಕ ಕೂತಳು. ನಾನು ಎದ್ದು ಅವಳ ತಟ್ಟೆಗೆ ರೊಟ್ಟಿ ಹಾಕಿದೆ.